ದಾರಿಯ ಹಕ್ಕು ಯಾರದು?

ನಮ್ಮ ಪೇಟೆಗಳ ಯಾವುದೇ ವೃತ್ತದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಒಂದು ಜಗಳವಾದರೂ ಕಣ್ಣಿಗೆ ಬೀಳುತ್ತದೆ. ರಸ್ತೆಯ ನಡುವಿನವರೆಗೆ ಬಂದ ಪಾದಚಾರಿ ಕೈ ಎತ್ತುತ್ತಾನೆ. ಬೈಕಿನವನು ಬ್ರೇಕ್ ಒತ್ತುವ ಬದಲು ಹಾರ್ನ್ ಒತ್ತುತ್ತಾನೆ. 'ಕಣ್ಣು ಕಾಣುವುದಿಲ್ಲವಾ?' ಎಂದು ಒಬ್ಬ ಕಿರುಚಿದರೆ, 'ರಸ್ತೆ ನಿನ್ನ ಅಪ್ಪನದಾ?' ಎಂದು ಇನ್ನೊಬ್ಬ ಮರುನುಡಿಯುತ್ತಾನೆ. ಇಬ್ಬರೂ ಉತ್ತರಕ್ಕೆ ಕಾಯದೆ ತಮ್ಮ ದಾರಿ ಹಿಡಿಯುತ್ತಾರೆ. ಆದರೆ ಬೈಗುಳದ ರೂಪದಲ್ಲಿ ಬಂದ ಆ ಎರಡನೆಯ ಪ್ರಶ್ನೆ ಉತ್ತರಕ್ಕೆ ಅರ್ಹವಾದ ಪ್ರಶ್ನೆ. ರಸ್ತೆ ನಿಜಕ್ಕೂ ಯಾರದು? ಇಬ್ಬರು ಎದುರಾದಾಗ ದಾರಿ ಬಿಡಬೇಕಾದವರು ಯಾರು?

ಇದು ಮೋಟಾರು ಬಂದ ಮೇಲೆ ಹುಟ್ಟಿದ ತಕರಾರೇನೂ ಅಲ್ಲ. ಮಹಾಭಾರತದ ಆದಿಪರ್ವದಲ್ಲಿ ಕಲ್ಮಾಷಪಾದನ ಕಥೆ ಬರುತ್ತದೆ. ಬೇಟೆಯಾಡಿ ದಣಿದ ರಾಜನಿಗೆ ಇಕ್ಕಟ್ಟಾದ ಕಾಡುಹಾದಿಯಲ್ಲಿ ವಸಿಷ್ಠರ ಮಗ ಶಕ್ತಿ ಎದುರಾಗುತ್ತಾನೆ. ದಾರಿ ಬಿಡು ಎಂದು ರಾಜ, ಧರ್ಮದ ಪ್ರಕಾರ ನೀನೇ ಬಿಡಬೇಕು ಎಂದು ಋಷಿಪುತ್ರ. ಯಾರೂ ಕದಲುವುದಿಲ್ಲ. ಕೊನೆಗೆ ರಾಜ ಚಾಟಿಯಿಂದ ಹೊಡೆಯುತ್ತಾನೆ, ಋಷಿಪುತ್ರ ಶಪಿಸುತ್ತಾನೆ. ರಾಜ ನರಭಕ್ಷಕ ರಾಕ್ಷಸನಾಗಿ ಮೊದಲು ತಿಂದು ಹಾಕುವುದು ಶಾಪ ಕೊಟ್ಟ ಆ ಶಕ್ತಿಯನ್ನೇ. ಗ್ರೀಕರ ಈಡಿಪಸ್ ತನ್ನ ತಂದೆಯನ್ನು ತಂದೆಯೆಂದು ತಿಳಿಯದೆ ಕೊಂದದ್ದೂ ಮೂರು ದಾರಿಗಳು ಕೂಡುವ ಜಾಗದಲ್ಲಿ, ರಥಕ್ಕೆ ದಾರಿ ಬಿಡುವ ಜಗಳದಲ್ಲಿ. ದಾರಿಯ ಮೇಲಿನ ಸಣ್ಣ ಹಟ ಮನುಷ್ಯನೊಳಗಿನ ರಾಕ್ಷಸನನ್ನು ಎಬ್ಬಿಸುತ್ತದೆ ಎಂಬುದನ್ನು ಪರಸ್ಪರ ಪರಿಚಯವಿಲ್ಲದ ಎರಡು ನಾಗರಿಕತೆಗಳು ಕಂಡುಕೊಂಡಿದ್ದವು. ಇಂದು ಆ ಚಾಟಿಯ ಜಾಗದಲ್ಲಿ ಹಾರ್ನ್ ಇದೆ, ರಥದ ಜಾಗದಲ್ಲಿ ಒಂದು ಟನ್ನಿಗೂ ಮೀರಿದ ಉಕ್ಕು ಇದೆ.

ಕಾನೂನಿನ ಮಟ್ಟಿಗೆ ಉತ್ತರ ಸ್ಪಷ್ಟವಾಗಿಯೇ ಇದೆ. ಮೋಟಾರು ವಾಹನ ಕಾಯ್ದೆಯ ಅಡಿಯಲ್ಲಿ 1989ರಲ್ಲಿ ಬಂದ ರಸ್ತೆ ನಿಯಮಗಳಾಗಲಿ, ಅದರ ಜಾಗಕ್ಕೆ 2017ರಲ್ಲಿ ಬಂದ ಚಾಲನಾ ನಿಯಮಗಳಾಗಲಿ ಹೇಳುವುದು ಒಂದನ್ನೇ: ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟಿಯಲ್ಲಿ ಮೊದಲ ಹಕ್ಕು ನಡೆಯುವವನದು. ಆದರೆ ನಮ್ಮಲ್ಲಿ ಆ ಬಿಳಿ ಪಟ್ಟಿಗಳ ಮೇಲೆ ನಿಂತವನನ್ನು ನೋಡಿ ವಾಹನದ ವೇಗ ತಗ್ಗಿಸುವವರು ಎಷ್ಟು ಮಂದಿ? ಅಪ್ಪಿತಪ್ಪಿ ಒಬ್ಬ ನಿಲ್ಲಿಸಿದರೆ ದಾಟುವವನು ಕೈ ಎತ್ತಿ ಕೃತಜ್ಞತೆ ಸೂಚಿಸಿ, ತಲೆ ತಗ್ಗಿಸಿ, ಅರ್ಧ ಓಟದಲ್ಲಿ ದಾಟುತ್ತಾನೆ. ತನ್ನ ಹಕ್ಕನ್ನು ಭಿಕ್ಷೆಯಂತೆ ಪಡೆಯುವ ಅಭ್ಯಾಸ ಅವನಿಗಾಗಿದೆ, ಸಲ್ಲಬೇಕಾದದ್ದನ್ನು ದಾನದಂತೆ ಕೊಡುವ ಅಭ್ಯಾಸ ಇವನಿಗಾಗಿದೆ.

ನಮ್ಮ ಭಾಷೆಯನ್ನೇ ಗಮನಿಸಿ. ರಸ್ತೆ ದಾಟುತ್ತಿದ್ದವನ ಬಗ್ಗೆ ಚಾಲಕ ಹೇಳುವುದು 'ಅಡ್ಡ ಬಂದ' ಎಂದು. ನಡೆಯುವವನ ದಾರಿಗೆ ತಾನೇ ಅಡ್ಡ ಬಂದಿರಬಹುದು ಎಂಬ ಅನುಮಾನ ಅವನಿಗೆ ಬರುವುದೇ ಇಲ್ಲ. ಅಮೆರಿಕದಲ್ಲೂ ಹೀಗೆಯೇ ಆಯಿತು. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಅಲ್ಲಿನ ಬೀದಿಗಳು ನಡೆಯುವವರಿಗೆ, ವ್ಯಾಪಾರಿಗಳಿಗೆ, ಆಡುವ ಮಕ್ಕಳಿಗೆ ಸೇರಿದ್ದವು. ಕಾರುಗಳ ಸಂಖ್ಯೆ ಏರಿ, ಸಾವುಗಳೂ ಏರಿದಾಗ ಜನರ ಸಿಟ್ಟು ಚಾಲಕರ ಮೇಲೆ ತಿರುಗಿತು. ಆಗ ಮೋಟಾರು ಉದ್ಯಮ ಮತ್ತು ವಾಹನ ಮಾಲಿಕರ ಕೂಟಗಳು ಒಂದು ಬೈಗುಳವನ್ನು ಊರೂರಿಗೆ ಹಬ್ಬಿಸಿದವು: 'ಜೇವಾಕರ್'. ಪಟ್ಟಣದಲ್ಲಿ ನಡೆಯಲು ಬಾರದ ಹಳ್ಳಿಗಮಾರ ಎಂಬುದು ಅದರ ಮೂಲ ಧ್ವನಿ. 1920ರ ದಶಕ ಮುಗಿಯುವ ಹೊತ್ತಿಗೆ ಸತ್ತವನೇ ತಪ್ಪಿತಸ್ಥ ಎಂಬ ನೋಟ ಅಲ್ಲಿ ನೆಲೆಯೂರಿತ್ತು. ಒಂದು ಪದ ಅಪರಾಧವನ್ನು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸಬಲ್ಲದು.

ಹಾಗೆಂದು ಚಾಲಕರ ದೂರುಗಳೆಲ್ಲ ಸುಳ್ಳೆಂದು ನಾವು ಹೇಳುವುದಿಲ್ಲ. ಮೊಬೈಲ್ ಕಿವಿಗೆ ಹಚ್ಚಿಕೊಂಡು ರಸ್ತೆಗಿಳಿಯುವವರಿದ್ದಾರೆ. ನಿಂತ ಬಸ್ಸಿನ ಮುಂದಿನಿಂದ ಒಮ್ಮೆಲೇ ಹೊರಬರುವವರಿದ್ದಾರೆ. ಮಗುವನ್ನು ಎತ್ತಿಕೊಂಡು ಡಿವೈಡರ್ ಹಾರುವವರನ್ನೂ ಕಾಣುತ್ತೇವೆ. ತಪ್ಪು ಎರಡೂ ಕಡೆ ಇದೆ ಎಂಬ ಮಾತು ನಿಜ. ಆದರೆ ತಪ್ಪಿನ ಬೆಲೆ ಎರಡೂ ಕಡೆ ಒಂದೇ ಅಲ್ಲ. ಪಾದಚಾರಿ ತಪ್ಪಿದರೂ, ಚಾಲಕ ತಪ್ಪಿದರೂ ಬಹುಪಾಲು ಸಂದರ್ಭಗಳಲ್ಲಿ ಸಾಯುವವನು ಪಾದಚಾರಿಯೇ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಅಂದರೆ ದಿನಕ್ಕೆ ಸುಮಾರು 90 ಮಂದಿ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಚಲಿಸುತ್ತದೆ. ಅಪಾಯ ಕಂಡ ಚಾಲಕನ ಕಾಲು ಬ್ರೇಕ್ ಮೇಲೆ ಬೀಳುವ ಮೊದಲೇ ಅಷ್ಟು ದೂರ ಮುಗಿದಿರುತ್ತದೆ. ವೇಗ 30 ಆಗಿದ್ದರೆ ಆ ದೂರ 8 ಮೀಟರಿಗೆ ಇಳಿಯುತ್ತದೆ. 50ರ ವೇಗದಲ್ಲಿ ವಾಹನ ಹೊತ್ತಿರುವ ಶಕ್ತಿ 30ರದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ಹಾಗಾಗಿ ಚಾಲಕ ಸ್ವಲ್ಪ ನಿಧಾನಿಸಿದರೆ ಅವನು ಕಳೆದುಕೊಳ್ಳುವುದು ಕೆಲವು ಸೆಕೆಂಡುಗಳನ್ನು, ಉಳಿಯುವುದು ಒಂದು ಮನೆಯ ಆಧಾರಸ್ತಂಭ. ಹೆಚ್ಚು ಹಾನಿ ಮಾಡಬಲ್ಲವನ ಹೊಣೆ ಹೆಚ್ಚು ಎಂಬ ಈ ತತ್ವವನ್ನು ಬ್ರಿಟನ್ 2022ರ ಜನವರಿಯಲ್ಲಿ ತನ್ನ ರಸ್ತೆ ಸಂಹಿತೆಯಲ್ಲಿಯೇ ಬರೆದುಕೊಂಡಿತು. ನಡೆಯುವವನ ಮೇಲೆ ಸೈಕಲ್ಲಿನವನಿಗೆ, ಸೈಕಲ್ಲಿನವನ ಮೇಲೆ ಕಾರಿನವನಿಗೆ, ಕಾರಿನವನ ಮೇಲೆ ಲಾರಿಯವನಿಗೆ ಹೊಣೆಯಿದೆ.

ಪಾದಚಾರಿ ಡಿವೈಡರ್ ಹಾರುವುದೇಕೆ ಎಂಬುದನ್ನೂ ಕೇಳಬೇಕು. ಚತುಷ್ಪಥ ಹೆದ್ದಾರಿ ಊರನ್ನು ಸೀಳಿಕೊಂಡು ಹೋದಾಗ ಶಾಲೆ ಒಂದು ಬದಿಗೆ, ಮನೆ ಇನ್ನೊಂದು ಬದಿಗೆ ಉಳಿಯುತ್ತದೆ. ದಾಟುವ ಜಾಗ ದೂರದಲ್ಲೆಲ್ಲೋ ಇರುತ್ತದೆ. ಮೀನಿನ ಬುಟ್ಟಿ ಹೊತ್ತ ಹೆಂಗಸು ಅಷ್ಟು ದೂರ ಸುತ್ತಿ ಬರಬೇಕೆನ್ನುವುದು ನ್ಯಾಯವೇ? ನಗರಗಳಲ್ಲಿ ಪರಿಹಾರವೆಂದು ಸ್ಕೈವಾಕ್ ಕಟ್ಟುತ್ತಾರೆ. ಎಂಜಿನ್ ಇರುವವನು ನೇರವಾಗಿ ಹೋಗಲಿ, ಮಂಡಿನೋವಿನವನು ಮೆಟ್ಟಿಲು ಹತ್ತಲಿ ಎಂಬ ತೀರ್ಪು ಅದರೊಳಗಿದೆ. ಸಿಗ್ನಲ್ ಇರುವಲ್ಲಿಯೂ 14 ಮೀಟರ್ ಅಗಲದ ರಸ್ತೆಯನ್ನು ಆರೋಗ್ಯವಂತ ದಾಟಲು ಸುಮಾರು 12 ಸೆಕೆಂಡ್ ಬೇಕು, ಅಜ್ಜಿಗೆ ಇನ್ನೂ ಹೆಚ್ಚು. ಹಸಿರು ದೀಪ ಎಷ್ಟು ಹೊತ್ತು ಉರಿಯಬೇಕೆಂದು ನಿರ್ಧರಿಸುವವರು ಅಜ್ಜಿಯನ್ನು ನೆನೆದಿದ್ದಾರೆಯೇ? ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಬದುಕುವ ಹಕ್ಕನ್ನು ಕಾಲ್ನಡಿಗೆಯ ಮಟ್ಟಕ್ಕೆ ಇಳಿಸಿ ವಿವರಿಸಬೇಕಾಗಿ ಬಂದದ್ದೇ ನಮ್ಮ ರಸ್ತೆಗಳ ಸ್ಥಿತಿಗೆ ಸಾಕ್ಷಿ.

ಪ್ರವಾದಿ ಮುಹಮ್ಮದ್(ಸ)ರು ದಾರಿಗೂ ಹಕ್ಕುಗಳಿವೆ ಎಂದು ಕಲಿಸಿದರು. ದಾರಿಬದಿಯಲ್ಲಿ ಕೂರುವವರು ಆ ಹಕ್ಕನ್ನು ಸಲ್ಲಿಸಬೇಕು, ಯಾರಿಗೂ ತೊಂದರೆ ಕೊಡದಿರುವುದು ಅದರಲ್ಲೊಂದು ಎಂದರು. ದಾರಿಯಲ್ಲಿ ಬಿದ್ದ ಮುಳ್ಳುಕಲ್ಲುಗಳನ್ನು ಸರಿಸುವುದನ್ನು ಈಮಾನಿನ ಶಾಖೆಯೆಂದು ಎಣಿಸಿದರು. ಇವೆರಡನ್ನು ನಾವೆಲ್ಲ ಕೇಳಿದ್ದೇವೆ. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಹದೀಸ್ ಇದೆ: ಸವಾರಿಯಲ್ಲಿರುವವನು ನಡೆಯುವವನಿಗೆ ಮೊದಲು ಸಲಾಮ್ ಹೇಳಬೇಕು. ಲೋಕದ ರೂಢಿ ಇದಕ್ಕೆ ತದ್ವಿರುದ್ಧ. ಕುದುರೆಯ ಮೇಲಿದ್ದವನಿಗೆ ನೆಲದಲ್ಲಿದ್ದವನು ಕೈ ಮುಗಿಯುವುದು ಎಲ್ಲೆಡೆಯ ಪದ್ಧತಿಯಾಗಿತ್ತು. ಪ್ರವಾದಿ(ಸ)ರು ಆ ಕ್ರಮವನ್ನು ತಿರುಗಿಸಿದರು. ಎತ್ತರದಲ್ಲಿ ಕೂತವನ ಮನಸ್ಸಿನಲ್ಲಿ ಅಹಂಕಾರ ಮೊಳೆಯುವುದು ಸುಲಭ, ಕೆಳಗಿರುವವನಲ್ಲಿ ಭಯ ಹುಟ್ಟುವುದು ಸಹಜ. ಸವಾರನ ಸಲಾಮ್ ಎರಡನ್ನೂ ಕರಗಿಸುತ್ತದೆ. 'ನಿನ್ನ ಮೇಲೆ ಶಾಂತಿಯಿರಲಿ' ಎಂದವನು ಅದೇ ಉಸಿರಿನಲ್ಲಿ ಆತನ ಮೇಲೆ ವಾಹನ ನುಗ್ಗಿಸಲಾರ. ಜೀಬ್ರಾ ಪಟ್ಟಿಯ ಹಿಂದೆ ನಿಲ್ಲುವ ಚಕ್ರ ಇಂದಿನ ಸವಾರ ಹೇಳಬಹುದಾದ ಸಲಾಮ್. ಆಳುವವರ ಪಾಲಿಗೂ ಪಾಠವಿದೆ. ಯೂಫ್ರಟೀಸ್ ತೀರದಲ್ಲಿ ಹೇಸರಗತ್ತೆಯೊಂದು ಎಡವಿ ಬಿದ್ದರೂ ದಾರಿಯನ್ನೇಕೆ ಸಮತಟ್ಟು ಮಾಡಲಿಲ್ಲವೆಂದು ದೇವನು ತನ್ನನ್ನು ಪ್ರಶ್ನಿಸುವನೆಂದು ಖಲೀಫಾ ಉಮರ್(ರ) ಅಂಜಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ದಿನಕ್ಕೆ 90 ಮನುಷ್ಯರ ಬಗ್ಗೆ ನಮ್ಮ ಯಾವ ಅಧಿಕಾರಿ ನಿದ್ದೆಗೆಡುತ್ತಾನೆ?

ಆದರೆ ಧರ್ಮದ ಮಾತು ಉಪದೇಶಕ್ಕೆ ಸೀಮಿತವಾದರೆ ಪ್ರಯೋಜನವಿಲ್ಲ. ಶುಕ್ರವಾರ ಮಧ್ಯಾಹ್ನ ಎಷ್ಟೋ ಮಸೀದಿಗಳ ಮುಂದೆ ಫುಟ್‌ಪಾತ್ ತುಂಬ ಬೈಕುಗಳು ನಿಂತಿರುತ್ತವೆ. ನಮಾಝಿಗೆ ಬಂದವರ ವಾಹನದಿಂದಾಗಿ ಕೈಗೂಸಿನ ತಾಯಿ ನಡುರಸ್ತೆಗೆ ಇಳಿಯಬೇಕಾದರೆ ಅಲ್ಲಿ ದಾರಿಯ ಹಕ್ಕು ಸಂದಂತಾಯಿತೇ? ಮದುವೆ ಹಾಲ್‌ಗಳ ಮುಂದೆ, ಜಾತ್ರೆಗಳಲ್ಲಿ, ರಾಜಕೀಯ ಸಭೆಗಳಲ್ಲಿ ಕಾಣುವುದೂ ಇದೇ.

ಇನ್ನೊಂದು ಕಹಿ ಸತ್ಯವನ್ನು ಹೇಳಲೇಬೇಕು. ಡಿಕ್ಕಿಯಾದ ಕೂಡಲೇ ಸೇರುವ ಗುಂಪು ಗಾಯಾಳುವಿನ ಕಡೆ ನೋಡುವ ಮೊದಲು ಚಾಲಕನ ಕಾಲರಿಗೆ ಕೈ ಹಾಕುತ್ತದೆ. ದೊಡ್ಡ ಗಾಡಿಯವನದೇ ತಪ್ಪು ಎಂದು ವಿಚಾರಣೆಯಿಲ್ಲದೆ ತೀರ್ಪಾಗುತ್ತದೆ. ಪೆಟ್ಟಿಗೆ ಹೆದರಿ ಚಾಲಕ ಓಡುತ್ತಾನೆ, ಬದುಕಬಹುದಾಗಿದ್ದ ಗಾಯಾಳು ರಸ್ತೆಯಲ್ಲೇ ಉಳಿಯುತ್ತಾನೆ. ನಮ್ಮ ಕರಾವಳಿಯಂತಹ ಕಡೆ ಇಬ್ಬರ ಹೆಸರು ಗೊತ್ತಾದ ಮೇಲೆ ಜಗಳದ ಬಣ್ಣವೇ ಬದಲಾಗುವುದುಂಟು. ಬ್ರೇಕ್ ಹಾಕಿದನೇ ಇಲ್ಲವೇ ಎಂಬ ಪ್ರಶ್ನೆ ಮರೆತು ಅವನು ಯಾರವನು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಹೊಣೆ ಹೆಚ್ಚು ಎಂದ ಮಾತ್ರಕ್ಕೆ ಅಪರಾಧ ಸಾಬೀತಾಯಿತೆಂದಲ್ಲ. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಕುರ್‌ಆನಿನ ಸ್ಪಷ್ಟ ಆಶಯ. ದುರ್ಬಲನ ಪರ ನಿಲ್ಲುವುದು ನ್ಯಾಯ, ನಮ್ಮವನ ಪರ ನಿಲ್ಲುವುದು ಬೇರೆಯೇ ವಿಷಯ. ಈ ಎರಡನ್ನು ಬೆರೆಸಿದ ದಿನ ಸಣ್ಣ ಡಿಕ್ಕಿಯೊಂದು ಊರಿಗೇ ಬೆಂಕಿ ಹಚ್ಚಬಲ್ಲದು.

ನಿಜವಾಗಿ ನೋಡಿದರೆ ಚಾಲಕ ಮತ್ತು ಪಾದಚಾರಿ ಎಂಬ ಎರಡು ಜಾತಿಗಳಿಲ್ಲ. ಕಾರಿನಿಂದ ಇಳಿದವನು ಆ ಕ್ಷಣದಲ್ಲೇ ಪಾದಚಾರಿ. ಹಾರ್ನ್ ಒತ್ತಿ ಬೈದವನ ಮಗಳು ಇನ್ನಾವುದೋ ರಸ್ತೆಯ ಅಂಚಿನಲ್ಲಿ ದಾಟಲು ಕಾಯುತ್ತಿರುತ್ತಾಳೆ. ಹಾಗಾಗಿ ದಾರಿ ಯಾರದು ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ದಾರಿ ಎಲ್ಲರದು, ಆದರೆ ಎದುರಾದ ಗಳಿಗೆಯಲ್ಲಿ ಅದು ಹೆಚ್ಚು ಕಳೆದುಕೊಳ್ಳಬಹುದಾದವನದು. ಇದನ್ನು ಮಕ್ಕಳಿಗೆ ಶಾಲೆಯಲ್ಲಿ, ಹಿರಿಯರಿಗೆ ಜುಮಾ ಪ್ರವಚನದಲ್ಲಿ, ಹೊಸ ಚಾಲಕರಿಗೆ ಲೈಸೆನ್ಸ್ ಕೊಡುವ ಮುನ್ನ ಹೇಳಿಕೊಡಬೇಕು. ಬಿಳಿ ಪಟ್ಟಿಗಳನ್ನು ಬಳಿಯಲು ಒಂದು ರಾತ್ರಿ ಸಾಕು. ಅವುಗಳ ಹಿಂದೆ ನಿಲ್ಲುವ ಮನಸ್ಸನ್ನು ಬೆಳೆಸಲು ಹೆಚ್ಚು ಕಾಲ ಬೇಕು, ಆ ಕೆಲಸಕ್ಕೆ ಯಾವ ಗುತ್ತಿಗೆದಾರನೂ ಸಿಗುವುದಿಲ್ಲ.