ಅಣ್ಣಾವ್ರ ನೂರೆಂಟು ದಿನ ಮತ್ತು ನಮ್ಮ ಕೈಯ ಕಲ್ಲು

2024ರ ಡಿಸೆಂಬರಿನಲ್ಲಿ ಎಸ್.ಎಂ. ಕೃಷ್ಣ ತೀರಿಕೊಂಡಾಗ ಅಪ್ಪ ಹನಕೆರೆಯಿಂದ ನಾಲ್ಕೈದು ಜನರ ಜೊತೆ ಸೋಮನಹಳ್ಳಿಗೆ ಹೋಗಿ ಬಂದ. ಸ್ನಾನ ಮುಗಿಸಿ ಜಗುಲಿಯ ಮೇಲೆ ಕೂತವನು, ಕೃಷ್ಣ ಅವರ ಬಗ್ಗೆ ಏನೋ ಹೇಳುತ್ತಾನೆ ಅಂದುಕೊಂಡರೆ, ಹೇಳಿದ್ದು ಒಂದು ಲಾರಿಯ ವಿಷಯ. "ಅಣ್ಣಾವ್ರುನ್ನ ಹೊತ್ಕೊಂಡೋಗಿದ್ರಲ್ಲ, ಆಗ ಈ ರೋಡಲ್ಲೇ ತಮಿಳುನಾಡು ಲಾರಿ ತಡುದು ಗ್ಲಾಸ್ ಒಡುದ್ವಿ ಕಣ್ ಮಗ. ಡ್ರೈವರು ಕೈ ಮುಗುದ. ನಾನೂ ಒಂದ್ ಕಲ್ ಬೀಸ್ದೆ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋದ.

ಆಗ ನನಗೆ ಮೂರು ವರ್ಷ. ಆ ದಿನಗಳ ಬಗ್ಗೆ ನನಗಿರುವ ನೆನಪೆಲ್ಲ ಬೇರೆಯವರು ಕೊಟ್ಟದ್ದು. ಅಣ್ಣಾವ್ರು ಕ್ಷೇಮವಾಗಿ ಬಂದರೆ ಬೆಟ್ಟಕ್ಕೆ ಬರುತ್ತೇನೆಂದು ಅಜ್ಜಿ ಮಾದಪ್ಪನಿಗೆ ಹರಕೆ ಕಟ್ಟಿಕೊಂಡಿದ್ದಳಂತೆ. ಆ ಬೆಟ್ಟದ ಸುತ್ತಲ ಕಾಡೇ ವೀರಪ್ಪನ್‌ ಓಡಾಡುತ್ತಿದ್ದ ಕಾಡು ಎಂಬುದು ಅವಳಿಗೆ ವಿಚಿತ್ರ ಅನ್ನಿಸಿರಲಿಲ್ಲ. ಮನೆಯಲ್ಲಿ ಹರಕೆಯ ಕತೆಯನ್ನು ಹತ್ತಾರು ಸಲ ಕೇಳಿದ್ದೇನೆ. ಕಲ್ಲಿನ ಕತೆಯನ್ನು ಕೇಳಿದ್ದು ಅವತ್ತೇ ಮೊದಲು.

ನಡೆದದ್ದು ಗೊತ್ತಿರುವುದೇ. 2000ದ ಜುಲೈ 30, ಭೀಮನ ಅಮಾವಾಸ್ಯೆಯ ಕತ್ತಲು. ತಮಿಳುನಾಡಿನ ತಾಳವಾಡಿ ಸೀಮೆಯ ದೊಡ್ಡಗಾಜನೂರಿನ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನೂ ಜೊತೆಗೆ ಇನ್ನು ಮೂವರನ್ನೂ ಕರೆದುಕೊಂಡು ಹೋದ. ಬೇಡಿಕೆಗಳ ಪಟ್ಟಿ ಬಂದಾಗ ಅದರಲ್ಲಿ ಕಾವೇರಿ ನೀರಿತ್ತು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯಿತ್ತು, 1991ರ ಕಾವೇರಿ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರವಿತ್ತು. ದಂತ, ಗಂಧದ ಕಳ್ಳ ಇಂಥ ಪಟ್ಟಿ ಕೊಡುವುದಕ್ಕೆ ಅವನ ಜೊತೆ ಸೇರಿಕೊಂಡಿದ್ದ ತಮಿಳು ಉಗ್ರ ರಾಷ್ಟ್ರವಾದಿ ಗುಂಪುಗಳು ಕಾರಣ. ಕಾಡುಗಳ್ಳನಿಗೆ ಗೆರಿಲ್ಲಾ ವೇಷ ಸಿಕ್ಕಿತ್ತು. ಇದೆಲ್ಲದರ ಜೊತೆಗೆ, ಮೈಸೂರಿನ ಜೈಲಿನಲ್ಲಿ ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಿಡುಗಡೆಯನ್ನೂ ಕೇಳಿದ್ದ.

ಕೇವಲ ಏಳು ತಿಂಗಳ ಹಿಂದೆ ಕಂದಹಾರದಲ್ಲಿ ವಿಮಾನದ ಪ್ರಯಾಣಿಕರಿಗಾಗಿ ಕೇಂದ್ರ ಸರ್ಕಾರವೇ ಮೂವರು ಉಗ್ರರನ್ನು ಬಿಟ್ಟುಬಂದಿತ್ತು. ಹಾಗಾಗಿ ರಾಜ್ಯ ಸರ್ಕಾರಕ್ಕೆ ನೀತಿಪಾಠ ಹೇಳುವ ಬಾಯಿ ದೆಹಲಿಗೂ ಇರಲಿಲ್ಲ. ಎರಡೂ ರಾಜ್ಯಗಳು ಒಪ್ಪಿದವು. ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರಿ ಅಭಿಯೋಜಕರು ಅರ್ಜಿ ಹಾಕಿದರು, ಮೈಸೂರಿನ ವಿಶೇಷ ನ್ಯಾಯಾಲಯ ಅನುಮತಿ ಕೊಟ್ಟಿತು.

ಆಗ ಒಬ್ಬ ಮುದುಕ ಅಡ್ಡ ನಿಂತ. ಅಬ್ದುಲ್ ಕರೀಂ, ನಿವೃತ್ತ ಪೊಲೀಸ್ ಅಧಿಕಾರಿ. ಮಗ ಶಕೀಲ್ ಅಹಮದ್ ಸಬ್ ಇನ್ಸ್‌ಪೆಕ್ಟರ್. 1992ರ ಆಗಸ್ಟಿನಲ್ಲಿ ಮೀಣ್ಯಂ ಬಳಿ ವೀರಪ್ಪನ್ ಹೊಂಚು ಹಾಕಿ ಎಸ್ಪಿ ಹರಿಕೃಷ್ಣ ಅವರನ್ನು ಕೊಂದಾಗ ಶಕೀಲ್ ಕೂಡ ಸತ್ತಿದ್ದರು. ಆ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ಕೋರ್ಟು ಹಿಂತೆಗೆತವನ್ನು ರದ್ದು ಮಾಡಿತು.

ನಾನು ರಾಜ್ಯಶಾಸ್ತ್ರದ ಸಂಶೋಧನೆಯ ನೆಪದಲ್ಲಿ ಆ ತೀರ್ಪನ್ನು ಹಿಂದೆಯೇ ಓದಿದ್ದೆ. ಅಪ್ಪನ ಲಾರಿಯ ಮಾತಿನ ನಂತರ ಮತ್ತೆ ತೆಗೆದು ಓದಿದೆ. ಮೊದಲ ಓದಿನಲ್ಲಿ ನನ್ನ ಕಣ್ಣು ಹೋಗಿದ್ದು 321ನೇ ಕಲಮಿನ ಚರ್ಚೆಗೆ. ಒಂದು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಬೇಕಾದರೆ ಅಭಿಯೋಜಕ ಸರ್ಕಾರದ ಮಾತು ಕೇಳಿದರೆ ಸಾಲದು, ತಾನೇ ಸ್ವತಂತ್ರವಾಗಿ ಯೋಚಿಸಿ, ಇದು ಸಾರ್ವಜನಿಕರಿಗೆ ಒಳ್ಳೆಯದು ಎಂದು ಮನವರಿಕೆ ಮಾಡಿಕೊಳ್ಳಬೇಕು. ಇಡೀ ಸರ್ಕಾರ, ಎರಡು ರಾಜ್ಯ, ಕೋಟಿ ಅಭಿಮಾನಿಗಳು ಒಂದು ಕಡೆ. ಒಬ್ಬ ವಕೀಲನ ಮನಸ್ಸು ಇನ್ನೊಂದು ಕಡೆ. ಕಾನೂನು ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ದೊಡ್ಡ ಭಾರ ಇಟ್ಟಿದೆಯಲ್ಲ ಎಂದು ಬೆರಗಾಗಿದ್ದೆ.

ಎರಡನೇ ಓದಿನಲ್ಲಿ ಕಂಡದ್ದು ಬೇರೆ. ಸರ್ಕಾರ ತನ್ನ ನಿರ್ಧಾರಕ್ಕೆ ಕೊಟ್ಟ ಕಾರಣ ರಾಜ್‌ಕುಮಾರ್ ಅವರ ಜೀವ ಮಾತ್ರವಲ್ಲ. ಅವರಿಗೆ ಏನಾದರೂ ಆದರೆ ಕನ್ನಡಿಗರಿಗೂ ತಮಿಳರಿಗೂ ನಡುವೆ ಆಗಬಹುದಾದ ಗಲಭೆ, ಕೆಡಬಹುದಾದ ಶಾಂತಿ. ಆ ಶಾಂತಿಯನ್ನು ಕೆಡಿಸುವವರು ಯಾರು? ವೀರಪ್ಪನ್ ಬೆಂಗಳೂರಿಗೆ ಬಂದು ಯಾರ ಗುಡಿಸಲಿಗೂ ಬೆಂಕಿ ಇಡುತ್ತಿರಲಿಲ್ಲ. ಹನಕೆರೆಯ ಹೆದ್ದಾರಿಗೆ ಬಂದು ಲಾರಿ ತಡೆಯುತ್ತಿರಲಿಲ್ಲ. ಅದನ್ನು ಮಾಡುವವರು ನಾವು. 1991ರ ಡಿಸೆಂಬರಿನಲ್ಲಿ ಮಾಡಿಯೂ ತೋರಿಸಿದ್ದೆವು. ಕೃಷ್ಣ ಮದ್ದೂರಿನಿಂದಲೇ ಗೆದ್ದು ಮುಖ್ಯಮಂತ್ರಿ ಆದವರು, ನಮ್ಮ ಸೀಮೆಯ ಸಿಟ್ಟಿನ ಅಳತೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಂದರೆ ಆ ನೂರೆಂಟು ದಿನ ಸರ್ಕಾರ ಚೌಕಾಸಿ ಮಾಡುತ್ತಿದ್ದುದು ಒಬ್ಬರ ಜೊತೆಯಲ್ಲ, ಇಬ್ಬರ ಜೊತೆ. ಕಾಡಿನಲ್ಲಿದ್ದವನು ರಾಜ್‌ಕುಮಾರ್ ಅವರನ್ನು ಹಿಡಿದಿಟ್ಟುಕೊಂಡಿದ್ದ. ಇಲ್ಲಿ ನಾವು ಯಾರನ್ನು ಹಿಡಿದಿಟ್ಟುಕೊಂಡಿದ್ದೆವು? ಕೈ ಮುಗಿದ ಆ ಡ್ರೈವರನ್ನು. ಹೆದರಿ ಅಂಗಡಿಯ ಬಾಗಿಲು ಹಾಕಿಕೊಂಡು ಕೂತ ತಮಿಳು ಮಾತಾಡುವ ಮನೆಗಳನ್ನು. ಯಾವ ಬೇಡಿಕೆಯ ಪಟ್ಟಿಯನ್ನೂ ಬರೆಯದೆ, ಕ್ಯಾಸೆಟ್ಟು ಕಳಿಸದೆ, ಪ್ರೀತಿಯ ಹೆಸರಿನಲ್ಲಿ.

ಇದನ್ನು ಅಪ್ಪನಿಗೆ ಹೇಳಿದಾಗ ಸಿಟ್ಟಾದ. "ಅವ್ನು ಕೊಲೆಗಾರ ಕಣ್ ಮಗ. ನಾವು ಹೊಟ್ಟೆ ಉರ್ಕಂಡು ಒಂದ್ ಕಲ್ ಒಗುದ್ರೆ ಅವ್ನೂ ನಾವೂ ಒಂದೇನಾ?" ಒಂದೇ ಅಲ್ಲ, ನಿಜ. ನೂರಾರು ಜೀವ ತೆಗೆದವನನ್ನೂ ಗಾಜು ಒಡೆದವನನ್ನೂ ಒಂದೇ ತಕ್ಕಡಿಗೆ ಹಾಕುವುದು ಸೋಮಾರಿ ಯೋಚನೆ. ಆದರೆ ಗಾಜು ಒಡೆದವನ ಕಲ್ಲೇ ಕೋರ್ಟಿನ ಮುಂದೆ ಸರ್ಕಾರದ ವಾದವಾಗಿ ಹೋಯಿತು ಎಂಬುದೂ ನಿಜ. ಮಗನನ್ನು ಕಳೆದುಕೊಂಡ ಅಬ್ದುಲ್ ಕರೀಂ ಅವರ ನ್ಯಾಯದ ಎದುರು ತೂಕಕ್ಕೆ ಇಟ್ಟದ್ದು ನಮ್ಮ ಕಲ್ಲನ್ನು.

ಅಪ್ಪ ಇನ್ನೊಂದು ಮಾತೂ ಕೇಳಿದ: "ಆ ಯಪ್ಪನ ಮಗ ಸತ್ತೋಗಿದ್ದ. ಅಣ್ಣಾವ್ರು ಬದುಕಿದ್ರು. ಬದುಕಿರೋರ್ನ ಉಳಿಸ್ಕಬೇಕೋ ಬ್ಯಾಡ್ವೋ?" ನನ್ನ ಓದಿಗೆಲ್ಲ ಸವಾಲಾದ ಪ್ರಶ್ನೆ ಇದು. ಬಿಟ್ಟರೆ ಮುಂದೆ ಇನ್ನಷ್ಟು ಜನರನ್ನು ಹಿಡಿಯುತ್ತಾರೆ ಎಂಬ ಲೆಕ್ಕಾಚಾರದ ಉತ್ತರವೇನೋ ಸಿದ್ಧವಿದೆ. ಆದರೆ ಇನ್ನೂ ಹುಟ್ಟದ ಅಪಾಯವನ್ನು ಮುಂದಿಟ್ಟು ಕಣ್ಣೆದುರಿನ ಒಬ್ಬ ಮನುಷ್ಯನನ್ನು ಕೈಬಿಡಿ ಎಂದು ಅವರ ಹೆಂಡತಿಯ ಎದುರು ನಿಂತು ಹೇಳುವ ಧೈರ್ಯ ನನಗಂತೂ ಇಲ್ಲ. ನನಗೆ ಒಪ್ಪಿಗೆಯಾಗುವುದು ಇನ್ನೊಂದು ವಾದ. ಜೀವ ಉಳಿಸಲು ಸರ್ಕಾರ ತನ್ನದನ್ನು ಏನು ಬೇಕಾದರೂ ಕೊಡಲಿ: ಮಾನ, ಪ್ರತಿಷ್ಠೆ, ಬೇಕಾದರೆ ಮುಂದಿನ ಚುನಾವಣೆ. ತನ್ನದಲ್ಲದ್ದನ್ನು ಕೊಡುವ ಹಾಗಿಲ್ಲ. ಶಕೀಲ್ ಅಹಮದ್ ಸಾವಿನ ವಿಚಾರಣೆ ಸರ್ಕಾರದ ಆಸ್ತಿಯಾಗಿರಲಿಲ್ಲ.

ಆ ಕೈದಿಗಳೂ ಸರ್ಕಾರದ ಆಸ್ತಿಯಾಗಿರಲಿಲ್ಲ. ಈ ಮಾತು ನಮ್ಮ ಕಡೆ ಯಾರೂ ಆಡುವುದಿಲ್ಲ. ತಪ್ಪಿತಸ್ಥರಾಗಿದ್ದರೆ ಅವರನ್ನು ಬಿಡಬಾರದಿತ್ತು. ಅಲ್ಲದಿದ್ದರೆ ಅಷ್ಟು ವರ್ಷ ಹಿಡಿದಿಡಬಾರದಿತ್ತು. ಒಂದು ಅಪಹರಣವಾದ ಮೂರೇ ವಾರದಲ್ಲಿ ಬಿಡಲು ಸಿದ್ಧವಾದ ಸರ್ಕಾರಕ್ಕೆ ಅವರ ತಪ್ಪಿನ ಬಗ್ಗೆ ಯಾವ ಖಚಿತ ಅಭಿಪ್ರಾಯವೂ ಇರಲಿಲ್ಲ ಎಂದೇ ಅರ್ಥ. ಅವರು ಚಲಾವಣೆಗೆ ಇಟ್ಟುಕೊಂಡ ನಾಣ್ಯ. ಮರುವರ್ಷ ತೀರ್ಪು ಬಂದಾಗ ಹೆಚ್ಚಿನವರು ಖುಲಾಸೆಯಾದರು. ಆ ಕಾರ್ಯಾಚರಣೆಯ ಹೆಸರಿನಲ್ಲಿ ನಡೆದ ದೌರ್ಜನ್ಯವನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು, ಕೊನೆಗೆ 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಅಬ್ದುಲ್ ಕರೀಂ ಅವರ ಹಟದಿಂದ ವಿಚಾರಣೆ ಮುಗಿಯುವವರೆಗೂ ನಡೆಯಿತು. ಹಾಗೆ ನಡೆದದ್ದರಿಂದಲೇ ಆ ಬಡವರಿಗೆ ನಿರಪರಾಧಿ ಎಂಬ ಹೆಸರು ಸಿಕ್ಕಿತು. ಅಣ್ಣಾವ್ರಿಗಾಗಿ ಬಿಟ್ಟಿದ್ದರೆ ಸಾಯುವವರೆಗೂ ವೀರಪ್ಪನ್ ಕಡೆಯವರು ಎಂದೇ ಇರುತ್ತಿದ್ದರು. ಇದನ್ನು ಬರೆದ ಮೇಲೆ ಅನ್ನಿಸುತ್ತಿದೆ, ಹೆಸರಿಗಿಂತ ಒಂದು ವರ್ಷ ಮುಂಚಿನ ಬಿಡುಗಡೆಯೇ ಅವರಿಗೆ ಬೇಕಿತ್ತೇನೋ. ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿಲ್ಲ.

ತೀರ್ಪು ಬಂದ ಎಂಟನೇ ದಿನ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾದರು. ಹಣ ಸಂದಾಯವಾಗಿತ್ತು ಎಂದು ಆಗಿನ ಪೊಲೀಸ್ ಮಹಾನಿರ್ದೇಶಕ ಸಿ. ದಿನಕರ್ ಮುಂದೆ ಪುಸ್ತಕ ಬರೆದರು, ಸರ್ಕಾರದ ಕಡೆಯವರು ಅಲ್ಲಗಳೆದರು. ಅಜ್ಜಿಗೆ ಇದೆಲ್ಲ ಬೇಕಿರಲಿಲ್ಲ. ಅವಳ ಲೆಕ್ಕದಲ್ಲಿ ಬಿಡಿಸಿದ್ದು ಮಾದಪ್ಪ.

ಎರಡು ವರ್ಷಕ್ಕೆ, 2002ರ ಆಗಸ್ಟ್ 25ರಂದು, ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ವೀರಪ್ಪನ್ ಹೊತ್ತೊಯ್ದ. ಕಾಮಗೆರೆ ಹನಕೆರೆಗೆ ದೊಡ್ಡ ದೂರವೇನಲ್ಲ. ಆ ಅಕ್ಟೋಬರಿನಲ್ಲಿ ಕಾವೇರಿಗಾಗಿ ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ನಾಗಪ್ಪ ಆಗಲೂ ಕಾಡಿನಲ್ಲೇ ಇದ್ದರು. ಡಿಸೆಂಬರ್ 8ರಂದು ಅವರ ಹೆಣ ಸಿಕ್ಕಿತು.

ಮೊನ್ನೆ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ, "ನಾಗಪ್ಪೋರ್ಗೆ ರೋಡಿಗಿಳಿದಿದ್ರಾ?"

ಕಬ್ಬಿನ ಗದ್ದೆಗೆ ನೀರು ಕಟ್ಟುತ್ತಿದ್ದ ಅಪ್ಪ ಗುದ್ದಲಿ ನಿಲ್ಲಿಸಿದ. "ಇಲ್ಲ ಕಣ್ ಮಗ" ಅಂದ. "ಆಗ ಯಾರೂ ಕರೀಲೇ ಇಲ್ಲ."

ಮತ್ತೆ ಮಡೆ ತಿರುಗಿಸಲು ಬಗ್ಗಿದ. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ, "ಆ ಲಾರೀಲಿ ಈರುಳ್ಳಿ ಇತ್ತು" ಅಂದ.