ಸವಿಯ ಋಣ

ಕಳೆದ ಜನವರಿಯ ಒಂದು ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿದ ಮೊಮ್ಮಗ ಶನಿವಾರ ಬೆಳಿಗ್ಗೆ ಮಂಗಳೂರಿನ ನಮ್ಮ ಮನೆಯ ಅಂಗಳದಲ್ಲಿದ್ದ. ಕಾಫಿ ಕುಡಿಯುತ್ತಲೇ, “ಅಜ್ಜ, ಎರಡು ದಿನ ನಮ್ಮ ಊರನ್ನೇ ಸುತ್ತುವ. ಚಿತ್ರ ನೋಡುವ, ಒಳ್ಳೆಯ ಊಟ ಮಾಡುವ, ಹೊಳೆ ದಾಟಿ ಕಡಲಿಗೆ ಹೋಗುವ” ಎಂದ. ಬೇಡವೆನ್ನಲು ನನ್ನಲ್ಲಿ ಕಾರಣವೇನೂ ಇರಲಿಲ್ಲ. ಆದರೂ ಒಳಗೆಲ್ಲೋ ಯಾರೋ ಕೆಮ್ಮಿದಂತಾಯಿತು. ಅದು ತೀರಿಹೋಗಿ ಮೂವತ್ತು ವರ್ಷಗಳಾದ ನನ್ನ ತಂದೆಯವರ ಕೆಮ್ಮು.

ತಂದೆಯವರು ಹೆಂಚಿನ ಕಾರ್ಖಾನೆಯೊಂದರಲ್ಲಿ ದುಡಿದವರು. ಬಾಸೆಲ್ ಮಿಶನ್ನಿನವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮಂಥ ಎಷ್ಟೋ ಕುಟುಂಬಗಳಿಗೆ ಹೆಂಚೇ ಅನ್ನವಾಯಿತು. ಅನ್ನದ ಜೊತೆಗೆ ಒಂದು ಶಿಸ್ತೂ ಬಂತು. ದುಡಿ, ಉಳಿಸು, ಪ್ರಾರ್ಥಿಸು. ಆಟ, ಜಾತ್ರೆ, ತಿರುಗಾಟಗಳೆಲ್ಲ ಕಾಲಹರಣದ ಲೆಕ್ಕಕ್ಕೆ ಸೇರಿದವು. ಆ ಶಿಸ್ತು ನಮ್ಮನ್ನು ಓದಿಸಿತು, ಸಾಲದಿಂದ ಕಾಪಾಡಿತು. ಅದನ್ನು ಹಗುರವಾಗಿ ನೋಡುವ ಅಧಿಕಾರ ಅದರ ಫಲವನ್ನು ಉಂಡ ನನಗಿಲ್ಲ.

ಆದರೆ ನಾನು ಹನ್ನೆರಡು ವರ್ಷದವನಿದ್ದಾಗ ಕಂಡ ಒಂದು ದೃಶ್ಯವೂ ನೆನಪಿದೆ. ಅಜ್ಜಿಯ ಊರಿನ ಗದ್ದೆಯಲ್ಲಿ ಅಂದು ಯಾರದೋ ಹರಕೆಯ ಬಯಲಾಟ. ಚೆಂಡೆಯ ಸದ್ದಿಗೆ ನಿದ್ದೆ ಬಾರದೆ ನಾನು ಕದ್ದು ಹೋದೆ. ಗದ್ದೆಯ ಬದುವಿನಲ್ಲಿ, ಗ್ಯಾಸ್‌ಲೈಟಿನ ಬೆಳಕು ತಲುಪದ ಕಡೆ, ಮಡಚಿದ ಕೊಡೆಯನ್ನು ಊರಿಕೊಂಡು ತಂದೆಯವರು ನಿಂತಿದ್ದರು. ಕೂತಿರಲಿಲ್ಲ. ಕೂತರೆ ಆಟ ನೋಡಿದಂತಾಗುತ್ತದೆ. ನಿಂತರೆ ದಾರಿಯಲ್ಲಿ ಹೋಗುತ್ತ ತುಸು ತಡೆದಂತೆ. ಭಾಗವತರ ಪದ ಏರಿದಾಗ ಅವರ ಬೆರಳುಗಳು ಕೊಡೆಯ ಹಿಡಿಯ ಮೇಲೆ ತಾಳ ಹಾಕುತ್ತಿದ್ದವು. ಒಬ್ಬರನ್ನೊಬ್ಬರು ಕಂಡೆವು. ಮರುದಿನವೂ, ಮುಂದೆ ಎಂದೂ, ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಸವಿಯುವುದು ತಪ್ಪೇ ಎಂಬ ಅಳುಕು ನಮ್ಮ ಮನೆಯದು ಮಾತ್ರವಲ್ಲ, ಬಹಳ ಹಳೆಯದು. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಊಟದ ರುಚಿಯ ಬಗ್ಗೆಯೂ ದೇವಾಲಯದ ಸಂಗೀತದ ಬಗ್ಗೆಯೂ ತಮ್ಮನ್ನೇ ತಪಾಸಣೆಗೆ ಒಡ್ಡಿಕೊಳ್ಳುತ್ತಾರೆ. ಕೀರ್ತನೆಯ ಅರ್ಥಕ್ಕಿಂತ ರಾಗವೇ ಮನಸ್ಸನ್ನು ಹೆಚ್ಚು ಸೆಳೆದರೆ ಅದು ದೋಷವೆಂದು ಅವರಿಗೆ ಅನಿಸಿತ್ತು. ಹಾಗೆಂದು ಸಂಗೀತವೇ ಬೇಡವೆನ್ನಲೂ ಅವರಿಂದಾಗಲಿಲ್ಲ. ಅತ್ತಿತ್ತ ತೂಗಾಡುತ್ತಲೇ ಬರೆದರು. ಎಂಟು ಶತಮಾನಗಳ ನಂತರ ಸಂತ ತೋಮಾಸ ಅಕ್ವಿನಾಸರು ಇನ್ನೊಂದು ಮಗ್ಗುಲನ್ನು ತೋರಿಸಿದರು. ಸದಾ ಬಿಗಿದಿಟ್ಟ ಬಿಲ್ಲು ಮುರಿಯುತ್ತದೆ ಎಂಬ ಹಿಂದಿನವರ ಕಥೆಯನ್ನು ನೆನಪಿಸಿ, ದೇಹದಂತೆ ಮನಸ್ಸಿಗೂ ವಿಶ್ರಾಂತಿ ಬೇಕು, ಅದು ವಿನೋದದಿಂದ ದೊರೆಯುತ್ತದೆ ಎಂದರು. ಅಷ್ಟಕ್ಕೇ ನಿಲ್ಲದೆ, ತಾನೂ ನಗದೆ ಇತರರ ಸಂತೋಷಕ್ಕೂ ಕಲ್ಲು ಹಾಕುವವನಲ್ಲಿ ದೋಷವಿದೆ ಎಂದೂ ವಾದಿಸಿದರು. ನಮ್ಮ ಹಿರಿಯರಲ್ಲಿ ಕೆಲವರು ಇದನ್ನು ಓದಿದ್ದರೆ ನಮ್ಮ ಬಾಲ್ಯ ಇನ್ನಷ್ಟು ಸುಖವಾಗಿರುತ್ತಿತ್ತೋ ಏನೋ.

ಶನಿವಾರ ಮಧ್ಯಾಹ್ನ ಮೊಮ್ಮಗ ನನ್ನನ್ನು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಕರೆದೊಯ್ದ. ನಲವತ್ತು ವರ್ಷ ಆ ಗುಡ್ಡದ ರಸ್ತೆಯಲ್ಲೇ ಶಾಲೆಗೆ ಹೋಗಿಬಂದವನು ನಾನು. ದೂರದ ಊರುಗಳಿಂದ ಬಂದ ನೆಂಟರಿಗೆ ಅದನ್ನು ಬೆರಳು ಮಾಡಿ ತೋರಿಸಿದ್ದೇನೆ. ಒಳಗೆ ಕುಳಿತು ತಲೆಯೆತ್ತಿ ನೋಡಿದ್ದು ಅದೇ ಮೊದಲು. ಆ ಚಿತ್ರಗಳನ್ನು ಬರೆದವರು ಆಂತೋನಿಯೊ ಮೊಸ್ಕೆನಿ ಎಂಬ ಯೇಸುಸಭೆಯ ಸಹೋದರರು. 1854ರಲ್ಲಿ ಇಟಲಿಯ ಬೆರ್ಗಾಮೊ ಬಳಿ ಹುಟ್ಟಿದವರು, 1899ರಲ್ಲಿ ಇಲ್ಲಿ ಕೆಲಸ ಆರಂಭಿಸಿ ಸುಮಾರು ಎರಡು ವರ್ಷ ದುಡಿದರು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಗಾರೆ ಒಣಗುವುದರೊಳಗೆ ಬಣ್ಣ ಕೂರಬೇಕು. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಬಲ್ಲರೋ ಅಷ್ಟಕ್ಕೇ ಗಾರೆ ಬಳಿಯಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ, ಅಟ್ಟಣಿಗೆಯ ಮೇಲೆ ನಿಂತು, ದಿನಕ್ಕೊಂದು ತುಂಡು ಗೋಡೆ. ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಚಾವಣಿಯ ನಡುಸಾಲಿನಲ್ಲಿ ಇರುವುದು ಸಂತ ಅಲೋಶಿಯಸ್ ಗೊನ್ಜಾಗರ ಜೀವನ. ಅರಮನೆಯಂಥ ಮನೆಯಲ್ಲಿ ಹುಟ್ಟಿ ಎಲ್ಲವನ್ನೂ ಬಿಟ್ಟು, ರೋಮಿನಲ್ಲಿ ಸಾಂಕ್ರಾಮಿಕ ಹರಡಿದಾಗ ರೋಗಿಗಳ ಶುಶ್ರೂಷೆಗೆ ನಿಂತು, 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ಸತ್ತವರು. ಕಣ್ಣಿಗೆ ಯಾವ ಸುಖವನ್ನೂ ಕೊಡಬಾರದೆಂದು ಸದಾ ದೃಷ್ಟಿ ತಗ್ಗಿಸಿ ನಡೆಯುತ್ತಿದ್ದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಕಣ್ಣು ತಗ್ಗಿಸಿದವರ ಕಥೆಯನ್ನು ನೋಡಲು ಒಂದು ಶತಮಾನದಿಂದ ಜನ ಅಲ್ಲಿ ಕಣ್ಣೆತ್ತುತ್ತಿದ್ದಾರೆ! ಮೊಸ್ಕೆನಿಯವರಿಗೆ ಈ ವಿನೋದ ಹೊಳೆದಿತ್ತೇ ಎಂದು ನಾನು ಬಹಳ ಹೊತ್ತು ಯೋಚಿಸಿದೆ. ಕುತ್ತಿಗೆ ನೋಯುವವರೆಗೆ ನೋಡಿದೆವು. ಹೊರಗೆ ಬಂದಾಗ ತಂದೆಯವರ ಕೆಮ್ಮು ನಿಂತಿತ್ತು.

ಇಲ್ಲಿಗೆ ಮುಗಿದಿದ್ದರೆ ಈ ಬರಹವೇ ಬೇಕಿರಲಿಲ್ಲ. ಭಾನುವಾರ ಆರಾಧನೆಯ ನಂತರ ಊಟಕ್ಕೆ ಹೋದೆವು. ಕುಚ್ಚಲಕ್ಕಿ ಅನ್ನ, ಬಂಗುಡೆಯ ಪುಳಿಮುಂಚಿ, ಕಾವಲಿಯಿಂದ ಆಗಷ್ಟೇ ಇಳಿದ ಕಾಣೆ ಮೀನು. ನೀರು ತಂದಿಟ್ಟ ಯುವಕನಿಗೆ ಇಪ್ಪತ್ತರ ಆಸುಪಾಸು. ಮಾತಿನ ಧಾಟಿ ಕೇಳಿ ಊರು ವಿಚಾರಿಸಿದೆ, ಬಾಗಲಕೋಟೆಯ ಕಡೆಯವನಂತೆ. “ಕಡಲು ಹೇಗಿದೆಯಪ್ಪ?” ಎಂದು ನಗುತ್ತ ಕೇಳಿದೆ. “ಎಂಟು ತಿಂಗಳಾತ್ರೀ ಬಂದು, ಇನ್ನೂ ನೋಡಿಲ್ರೀ” ಎಂದ. ವಾರದ ರಜೆ ಇಲ್ಲವೇ? ಇದೆ, ಮಂಗಳವಾರ. “ಅವತ್ತು ಗೆಳ್ಯಾರಿಗೆ ರಜಾ ಇರೂದಿಲ್ರೀ. ಒಬ್ನ ಎಲ್ಲಿ ಹೋಗ್ಲಿ? ಮಲಗಿಬಿಡ್ತೀನ್ರೀ.” ಅಷ್ಟರಲ್ಲಿ ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿ ಕರೆದರು. ತುತ್ತು ಗಂಟಲಲ್ಲಿ ನಿಂತಿತೆಂದು ಮೊಮ್ಮಗ ಆಮೇಲೆ ಹೇಳಿದ. ನನಗೆ ಹಾಗೇನೂ ಆಗಲಿಲ್ಲ, ಊಟ ಸರಾಗವಾಗಿಯೇ ಇಳಿಯಿತು. ಪ್ರಶ್ನೆ ಬಂದದ್ದು ರಾತ್ರಿ, ದೀಪ ಆರಿಸಿದ ಮೇಲೆ.

ಅಷ್ಟು ದಿನ ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೇ ತಪ್ಪಾಗಿತ್ತೆಂದು ಅಂದು ತೋರಿತು. ಸವಿಯುವುದು ಪಾಪವೇ ಎಂದು ಕೇಳುವವನ ಗಮನವೆಲ್ಲ ತನ್ನ ಆತ್ಮದ ಮೇಲೆಯೇ ಇರುತ್ತದೆ. ನನ್ನ ತಂದೆಯವರ ಅಳುಕು, ನನ್ನ ಅಳುಕು ಎರಡೂ ಅಂಥವೇ. ಈ ಸವಿಗೆ ಯಾರು ದುಡಿದರು, ಅವರಿಗೂ ಇದರಲ್ಲಿ ಪಾಲಿದೆಯೇ ಎಂಬ ಪ್ರಶ್ನೆ ಬೇರೆ. ಸಬ್ಬತ್ತಿನ ಆಜ್ಞೆ ಎರಡು ಕಡೆ ಬರುತ್ತದೆ. ವಿಮೋಚನಕಾಂಡದಲ್ಲಿ ಅದಕ್ಕೆ ಕೊಟ್ಟ ಕಾರಣ ಸೃಷ್ಟಿಕರ್ತನ ವಿಶ್ರಾಂತಿ. ಧರ್ಮೋಪದೇಶಕಾಂಡದಲ್ಲಿ ಕಾರಣವೇ ಬದಲಾಗಿದೆ: ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ, ಆದ್ದರಿಂದ ಮನೆಯ ಆಳುಕಾಳುಗಳಿಗೂ ಯಜಮಾನನಷ್ಟೇ ವಿಶ್ರಾಂತಿ ಸಿಗಬೇಕು. ಎತ್ತು, ಕತ್ತೆಗಳ ಹೆಸರೂ ಅಲ್ಲಿದೆ. ಚಿಕ್ಕಂದಿನಲ್ಲಿ ಬಾಯಿಪಾಠ ಒಪ್ಪಿಸುವಾಗ ಈ ಭಾಗವನ್ನು ನಾವು ಉಸಿರುಗಟ್ಟಿ ಓಡಿಸುತ್ತಿದ್ದೆವು.

ನಮ್ಮ ದೇಶದ ಭಾನುವಾರದ ರಜೆಯೂ ತಾನಾಗಿ ಬಂದದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ವಾರದ ಏಳು ದಿನವೂ ದುಡಿಯುತ್ತಿದ್ದವರನ್ನು ನಾರಾಯಣ ಮೇಘಾಜಿ ಲೋಖಂಡೆಯವರು ಸಂಘಟಿಸಿ, ಸಭೆ, ಮನವಿಗಳ ಮೂಲಕ ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರಲ್ಲಿ ಗಿರಣಿಯ ಮಾಲೀಕರು ವಾರಕ್ಕೊಂದು ದಿನದ ಬಿಡುವಿಗೆ ಒಪ್ಪಿದರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಲ್ಲಿ ಬೆಳೆದವರು ಲೋಖಂಡೆ. ನಮ್ಮ ಪ್ರಾರ್ಥನೆಗಳಲ್ಲಿ ಅವರ ಹೆಸರು ಎಂದೂ ಬಂದದ್ದಿಲ್ಲ.

ಹಾಗಾದರೆ ಯಾರೂ ಹೊರಗೆ ಉಣ್ಣಬಾರದೇ? ಮೊಮ್ಮಗ ಬಸ್ಸು ಹತ್ತುವ ಮೊದಲು ಇದನ್ನೇ ಕೇಳಿದ. ನಾವು ಹೋಗದಿದ್ದರೆ ಆ ಯುವಕನ ಕೆಲಸವೇ ಹೋಗುತ್ತದೆಯಲ್ಲ? ನಿಜ. ಬಯಲಾಟಕ್ಕೆ ಜನರಿಲ್ಲದಿದ್ದರೆ ಮೇಳಗಳು ನಿಲ್ಲುತ್ತವೆ; ದೋಣಿಗೆ ಜನ ಬಾರದಿದ್ದರೆ ಅಂಬಿಗನ ಒಲೆ ಉರಿಯುವುದಿಲ್ಲ. ದೂರದ ವಿಮಾನಯಾನಕ್ಕೆ ಚೆಲ್ಲುವ ಹಣದ ಒಂದು ಪಾಲನ್ನು ನಮ್ಮೂರಿನಲ್ಲೇ ಖರ್ಚು ಮಾಡಿದರೆ ಅದು ಪರಿಚಿತ ಕೈಗಳಿಗೇ ಸೇರುತ್ತದೆ. ಹತ್ತಿರದ ಸವಿಗೆ ಇನ್ನೊಂದು ಗುಣವೂ ಇದೆ: ಅದರ ಹಿಂದಿನ ಮುಖ ಕಾಣುತ್ತದೆ, ಮಾತಾಡಿಸಬಹುದು, ನಾಳೆ ಮತ್ತೆ ಎದುರಾಗುತ್ತದೆ. ಕಾಣದಂತೆ ಇರಬೇಕಾದರೆ ನಾವೇ ಕಣ್ಣು ತಗ್ಗಿಸಬೇಕು. ಈ ಉತ್ತರ ನನಗೇ ಪೂರ್ತಿ ತೃಪ್ತಿ ಕೊಟ್ಟಿಲ್ಲ. ಮುಂದಿನ ಮಂಗಳವಾರ ಆ ಯುವಕನನ್ನು ತಣ್ಣೀರುಬಾವಿಗೆ ಕರೆದುಕೊಂಡು ಹೋಗಬೇಕೆಂದು ಅಂದುಕೊಂಡೆ. ಮಳೆಯಿಲ್ಲ, ಜ್ವರವಿಲ್ಲ, ಸುಮ್ಮನೆ ಎರಡು ಮಂಗಳವಾರ ಕಳೆದವು. ಮೂರನೆಯ ವಾರ ಹೋದಾಗ ಅವನು ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಕಡಲು ನೋಡಿ ಹೋದನೋ ಇಲ್ಲವೋ, ಅಲ್ಲಿದ್ದವರಿಗೆ ಗೊತ್ತಿರಲಿಲ್ಲ.

ಅಮ್ಮನ ಮಾತು ಹೇಳದೆ ಇದು ಮುಗಿಯದು. ಆಟಿಯ ಮಳೆಯಲ್ಲಿ ಮರಗಳ ಕವಲಿನಲ್ಲಿ ಮರಕೆಸು ಚಿಗುರಿದಾಗ ನಮ್ಮ ಮನೆಯಲ್ಲಿ ಪತ್ರೊಡೆ. ನೆನೆಸಿದ ಅಕ್ಕಿಯನ್ನು ಮೆಣಸು, ಕೊತ್ತಂಬರಿ, ತೆಂಗಿನಕಾಯಿಯೊಡನೆ ಕಡೆಯುವ ಕಲ್ಲಿನಲ್ಲಿ ಅರೆಯಬೇಕು. ಕೆಸುವಿನ ತುರಿಕೆ ಅಡಗುವಷ್ಟು ಹುಣಸೆಹುಳಿ ಬೀಳಬೇಕು. ಎಲೆಯ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಎಲೆ, ಸುರುಳಿ ಸುತ್ತಿ, ಬಾಳೆಯ ನಾರಿನಿಂದ ಕಟ್ಟಿ, ಹಬೆಯಲ್ಲಿ ಬೇಯಿಸಬೇಕು. ಮರುದಿನ ಬಿಲ್ಲೆಗಳಾಗಿ ಕೊಯ್ದು ಕಾವಲಿಯ ಮೇಲೆ ಕಾಯಿಸಿ, “ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ರುಚಿಯಿಲ್ಲ” ಎನ್ನುತ್ತ ಅಮ್ಮ ಒಂದೊಂದಾಗಿ ನಮ್ಮ ತಟ್ಟೆಗೆ ಹಾಕುತ್ತಿದ್ದರು. ಆಟ ನೋಡುವುದನ್ನು ಪಾಪವೆಂದ ಮನೆಯಲ್ಲಿ ಇದು ಯಾರಿಗೂ ಪಾಪವಾಗಿ ಕಂಡಿರಲಿಲ್ಲ. ಅಮ್ಮ ಬಿಸಿ ಪತ್ರೊಡೆ ತಿಂದದ್ದನ್ನು ನಾನು ನೋಡಿಲ್ಲ.

ಈ ಆಟಿಯಲ್ಲಿ ಮೊಮ್ಮಗ ಮತ್ತೆ ಬಂದ. ಕಾವಲಿಯ ಮುಂದೆ ಅವನು ನಿಂತ, ನಾನು ಬಿಲ್ಲೆ ಕೊಯ್ದೆ. ಕೈ ತುಸು ತುರಿಸಿತು. ಹೆಂಡತಿಯನ್ನು ಬಲವಂತವಾಗಿ ಮೇಜಿನ ಮುಂದೆ ಕೂರಿಸಿದೆವು. ಎಣ್ಣೆ ಸಾಲದೆಂದು ಒಮ್ಮೆ ಎದ್ದಳು, ಉರಿ ಜಾಸ್ತಿಯಾಯಿತೆಂದು ಇನ್ನೊಮ್ಮೆ ಎದ್ದಳು. ಮೂರನೆಯ ಸಲ ಕುಳಿತವಳು ಒಂದು ಬಿಲ್ಲೆಯನ್ನು ಬಾಯಿಗೆ ಹಾಕಿ, ಅಗಿದು, “ಹುಳಿ ಸ್ವಲ್ಪ ಮುಂದಾಯಿತು” ಎಂದು ತಟ್ಟೆಯನ್ನು ಮತ್ತೆ ಚಾಚಿದಳು.