ಬಾಯಿಗೆ ತುಳಸಿ, ಪೆಟ್ಟಿಗೆಗೆ ರೋಸ್‌ಮೆರಿ

ಆಸ್ಟ್ರೇಲಿಯಾದಲ್ಲಿ ಅಂತ್ಯಸಂಸ್ಕಾರಕ್ಕೆ ಹೋದರೆ ಎಷ್ಟೋ ಕಡೆ ಶವಪೆಟ್ಟಿಗೆಯ ಪಕ್ಕ ಒಂದು ಬುಟ್ಟಿ ತುಂಬ ರೋಸ್‌ಮೆರಿ ಕಡ್ಡಿಗಳನ್ನು ಇಟ್ಟಿರುತ್ತಾರೆ. ಬಂದವರು ಒಂದೊಂದು ಕಡ್ಡಿ ತೆಗೆದು ಪೆಟ್ಟಿಗೆಯ ಮೇಲಿಟ್ಟು ಹೋಗುತ್ತಾರೆ. ಸಣ್ಣ, ಒರಟು ಎಲೆ. ಬೆರಳಲ್ಲಿ ಹೊಸಕಿದರೆ ಕರ್ಪೂರದ ಘಾಟು. ಇಂಗ್ಲೆಂಡಿನಲ್ಲಿ ಶೇಕ್ಸ್‌ಪಿಯರನ ಕಾಲದಿಂದಲೂ ಇದು ನೆನಪಿನ ಗಿಡ. 1915ರಲ್ಲಿ ಆಸ್ಟ್ರೇಲಿಯಾದ ಸೈನಿಕರು ಮಡಿದ ಗಲಿಪೊಲಿಯಲ್ಲೂ ಇದು ತಾನಾಗಿ ಬೆಳೆಯುತ್ತದೆ. ಹಾಗಾಗಿ ಅವರನ್ನು ನೆನೆಯುವ ಏಪ್ರಿಲ್ 25ರ ಆನ್‌ಜಾಕ್ ದಿನ ಎದೆಯ ಮೇಲೆ ಇದರದೇ ಚಿಗುರು.

ನಮ್ಮಲ್ಲಿ ತುಳಸಿ. ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಗಂಗೋದಕ, ಜೊತೆಗೊಂದು ದಳ. ಆಮೇಲೆ ಕೊರಳಿಗೆ ತುಳಸಿ ಮಾಲೆ. ಅನುಕೂಲವಿದ್ದವರು ಚಿತೆಗೆ ಶ್ರೀಗಂಧದ ಚಕ್ಕೆ ಹಾಕುತ್ತಾರೆ, ಇಲ್ಲದವರಿಗೆ ಒಣಗಿದ ತುಳಸಿ ಕಡ್ಡಿಯೇ ಗಂಧ. ಲಿಂಗಾಯತರು ದೇಹವನ್ನು ಕೂರಿಸಿ ಸಮಾಧಿ ಮಾಡುವಾಗ ವಿಭೂತಿ, ಬಿಲ್ವಪತ್ರೆ ಇಡುತ್ತಾರೆ. ಮುಸ್ಲಿಮರಲ್ಲಿ ಮೈಯಿತ್ತಿನ, ಅಂದರೆ ಶವದ, ಸ್ನಾನದ ನೀರಿಗೆ ಬೋರೆ ಎಲೆ, ಕಡೆಯ ಸಲ ಸುರಿಯುವ ನೀರಿಗೆ ಕರ್ಪೂರ.

ಇದೆಲ್ಲ ಹೆಣದ ವಾಸನೆ ಮರೆಸಲು ಮಾಡಿಕೊಂಡ ಉಪಾಯ ಎನ್ನುವವರಿದ್ದಾರೆ. ಒಂದಷ್ಟು ನಿಜವಿರಬಹುದು. ಆದರೆ ಇನ್ನೂ ಉಸಿರಾಡುತ್ತಿರುವವರ ನಾಲಿಗೆಯ ಮೇಲಿಟ್ಟ ದಳ ಯಾವ ವಾಸನೆ ಮರೆಸೀತು? ಅದು ಬರೀ ಪ್ರೀತಿ, ಬೀಳ್ಕೊಡುಗೆ.

ಗಿಡ ಕೊಟ್ಟು ಬೀಳ್ಕೊಡುವ ರೂಢಿ ಬಹಳ ಹಳೆಯದು. ಇಸ್ರೇಲಿನ ಕಾರ್ಮೆಲ್ ಬೆಟ್ಟದ ರಕೆಫೆಟ್ ಗುಹೆಯಲ್ಲಿ ಸುಮಾರು 12,000 ವರ್ಷ ಹಿಂದಿನ ಸಮಾಧಿಗಳು ಸಿಕ್ಕಿವೆ. ಗುಂಡಿಯ ಒಳಮೈಗೆ ಕೆಸರು ಮೆತ್ತಿ, ಹೂಬಿಟ್ಟ ಗಿಡಗಳನ್ನು ಹಾಸಿ, ಅದರ ಮೇಲೆ ತಮ್ಮವರನ್ನು ಮಲಗಿಸಿದ್ದರು. ಕಾಂಡ, ಹೂಗಳ ಅಚ್ಚು ಆ ಮಣ್ಣಿನಲ್ಲಿ ಹಾಗೇ ಉಳಿದಿದೆ. ಸೇಜ್, ಪುದೀನ ಜಾತಿಯ ಗಿಡಗಳು ಅವು ಎಂದು ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಸೇಜ್, ಪುದೀನ, ರೋಸ್‌ಮೆರಿ, ನಮ್ಮ ತುಳಸಿ ಎಲ್ಲವೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬ. ಇದನ್ನು ಓದಿದಾಗಿನಿಂದ ರೋಸ್‌ಮೆರಿ ನನಗೆ ಪರದೇಶದ ಗಿಡ ಅನ್ನಿಸಿಲ್ಲ.

ಹಾಗೆಂದು ತುಳಸಿಯನ್ನು ಕೈಬಿಡುವುದು ಬೇಡ. ಇಲ್ಲಿ ಮೆಲ್ಬರ್ನಿನಲ್ಲಿ ಸಾವಾದ ಮನೆಯವರು ಆ ಸಂಕಟದಲ್ಲಿ ನಾಲ್ಕು ದಳಕ್ಕಾಗಿ ಊರೆಲ್ಲ ಫೋನ್ ಮಾಡುವುದನ್ನು ಕಂಡು ಹೊಟ್ಟೆ ಕಿವುಚಿದಂತಾಗುತ್ತದೆ. ಮನೆಗೊಂದು ಕುಂಡ ಇರಲಿ. ಇಲ್ಲಿನ ಚಳಿಯನ್ನು ಅದು ತಡೆಯದು, ಮೇ ತಿಂಗಳಿಗೆ ಒಳಗೆ ತಂದು ಬಿಸಿಲು ಬೀಳುವ ಕಿಟಕಿಯ ಬಳಿ ಇಡಿ. ಬೇಸಿಗೆಯಲ್ಲಿ ದಳಗಳನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡಿ. ತುಳಸಿಗೆ ಹಳಸಿದ ದೋಷವಿಲ್ಲ ಎಂದು ಹಿರಿಯರೇ ಹೇಳಿದ್ದಾರೆ. ಡಬ್ಬಿ ಎಲ್ಲಿದೆ, ಯಾತಕ್ಕೆ ಎಂಬುದನ್ನು ಮಕ್ಕಳಿಗೂ ಹೇಳಿಡಿ.